ಮುಕ್ತ ಮಾನಕ ಮತ್ತು ಒಂದು ಹರಳು

ಹುಬ್ಬಳ್ಳಿಯ ಕಂಪ್ಯೂಟರೂ ಧಾರವಾಡದ ಕಂಪ್ಯೂಟರೂ ಒಂದೇ ಭಾಷೆ ಆಡತೊಡಗಿದರೆ ರೋಗಿಯ ಅರ್ಧ ರೋಗ ದಾರಿಯಲ್ಲೇ ವಾಸಿಯಾಗುತ್ತದೆ ಎಂದು ಆಗ ಎಲ್ಲರೂ ನಂಬಿದ್ದರು. ವೈದ್ಯರು ನಂಬಿದ್ದರು, ರಕ್ತ ಪರೀಕ್ಷೆ ಮಾಡುವವರು ನಂಬಿದ್ದರು. ರೋಗಿಗಳನ್ನು ಯಾರೂ ಕೇಳಿರಲಿಲ್ಲವಾದ್ದರಿಂದ ಅವರೂ ನಂಬಿದ್ದಾರೆಂದು ನಡಾವಳಿಯಲ್ಲಿ ಬರೆಯಲಾಗಿತ್ತು. ಎಲ್ಲರಿಗಿಂತ ಗಟ್ಟಿಯಾಗಿ ನಂಬಿದ್ದವರು ಪ್ರೊಫೆಸರ್ ಮುರುಗೆಪ್ಪ ಸಜ್ಜನರ. ಅವರು ನಂಬಲೇಬೇಕಿತ್ತು. ಆ ಭಾಷೆ ಬರೆದವರು ಅವರೇ.

ಮುರುಗೆಪ್ಪನವರು ಕಾಲೇಜಿನಲ್ಲಿ ಗಣಕ ವಿಜ್ಞಾನ ಕಲಿಸಿ ನಿವೃತ್ತರಾದವರು. ನಿವೃತ್ತಿಯ ನಂತರ ಅವರ ಮಾತನ್ನು ಕೊನೆಯತನಕ ಕೇಳುವವರು ಸಿಗುವುದು ಕಷ್ಟವಾಯಿತು. ಸರಿಯಾಗಿ ಆಗಲೇ ಅವಳಿ ನಗರ ಆರೋಗ್ಯ ಸಮನ್ವಯ ಮಂಡಳಿಯವರು ಮನೆಗೆ ಬಂದರು. ಎರಡೂ ಊರಿನ ಖಾಸಗಿ ಆಸ್ಪತ್ರೆಗಳಿಗೆ, ಪರೀಕ್ಷಾ ಕೇಂದ್ರಗಳಿಗೆ ಒಂದು ಮುಕ್ತ ಮಾನಕ ಬೇಕಾಗಿದೆ ಎಂದರು. ಅಂದರೆ, ಯಾರ ತಂತ್ರಾಂಶ ಯಾವುದೇ ಇರಲಿ, ಒಬ್ಬರು ಕಳಿಸಿದ ವರದಿಯನ್ನು ಇನ್ನೊಬ್ಬರು ಓದುವಂತಾಗಲು ಎಲ್ಲರೂ ಒಪ್ಪಿದ, ಯಾರ ಸ್ವತ್ತೂ ಅಲ್ಲದ ನಿಯಮಾವಳಿ. ಅದನ್ನು ಬರೆಯುವ ಸಮಿತಿಗೆ ತಾವೇ ಅಧ್ಯಕ್ಷರಾಗಬೇಕು ಎಂದು ಅವರನ್ನು ಕೇಳಿಕೊಂಡರು. ಮುರುಗೆಪ್ಪನವರು ಯೋಚಿಸಿ ಹೇಳುತ್ತೇನೆಂದು ಹೇಳಿ, ಬಂದವರು ಗೇಟು ದಾಟುವ ಮೊದಲೇ ಒಪ್ಪಿಕೊಂಡರು.

ಅಲ್ಲಿಯವರೆಗೆ ವರದಿಗಳು ಕಾಗದದ ಮೇಲೆ ಓಡಾಡುತ್ತಿದ್ದವು. ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಪರೀಕ್ಷೆಗೆ ರಕ್ತ ಕೊಟ್ಟವರ ಅಳಿಯನೋ ತಮ್ಮನೋ ಲಕೋಟೆ ಹಿಡಿದು ಬಸ್ಸು ಹತ್ತಿ ಧಾರವಾಡಕ್ಕೆ ಮುಟ್ಟಿಸುತ್ತಿದ್ದ. ಇದು ಹಿಂದುಳಿದ ಪದ್ಧತಿ. ಇದರಲ್ಲಿ ವರದಿ ಅದೇ ದಿನ ತಲುಪಿಬಿಡುತ್ತಿತ್ತು ಎಂಬುದನ್ನು ಬಿಟ್ಟರೆ ಹೇಳಿಕೊಳ್ಳುವಂಥ ಗುಣ ಏನೂ ಇರಲಿಲ್ಲ.

ಹುಬ್ಬಳ್ಳಿಯವರು ಧಾರವಾಡಕ್ಕೆ ಬರಲು ಒಪ್ಪದೆ, ಧಾರವಾಡದವರು ಹುಬ್ಬಳ್ಳಿಗೆ ಹೋಗಲು ಒಪ್ಪದೆ, ಸಮಿತಿಯ ಸಭೆಗಳು ನಡುದಾರಿಯ ನವನಗರದಲ್ಲಿ ನಡೆದವು. ಹುಬ್ಬಳ್ಳಿಯ ಪರವಾಗಿ ಕೇಶ್ವಾಪುರದ ಸ್ಕ್ಯಾನಿಂಗ್ ಮತ್ತು ರಕ್ತ ಪರೀಕ್ಷಾ ಕೇಂದ್ರದ ಮಾಲೀಕ ಇಸ್ತಿಯಾಕ ಬರುತ್ತಿದ್ದರು. ಧಾರವಾಡದ ಪರವಾಗಿ ಅಲ್ಲಿಯ ದೊಡ್ಡ ಆಸ್ಪತ್ರೆಯೊಂದರ ಕಂಪ್ಯೂಟರ್ ವಿಭಾಗದ ಮುಖ್ಯಸ್ಥೆ ಸುಮಲತಾ. ತಿನ್ನಲು ಮಂಡಕ್ಕಿಯ ಗಿರ್ಮಿಟ್ ಬಂದಾಗ ಮಾತ್ರ ಇಬ್ಬರಲ್ಲಿ ಭಿನ್ನಾಭಿಪ್ರಾಯ ಇರುತ್ತಿರಲಿಲ್ಲ.

"ನಮ್ಮ ಸಾಫ್ಟ್‌ವೇರಿನ್ಯಾಗ ಅಪ್ಪನ ಹೆಸರಿಗೆ ಜಾಗಾನ ಇಲ್ರಿ ಸರ್," ಎಂದರು ಇಸ್ತಿಯಾಕ, ಮೊದಲ ಸಭೆಯಲ್ಲಿ.

"ನಮ್ಮಲ್ಲೆ ಅಪ್ಪನ ಹೆಸರಿಲ್ದ ಒಳಗ ಬಿಡಂಗಿಲ್ರಿ," ಎಂದರು ಸುಮಲತಾ.

"ಹುಬ್ಬಳ್ಳ್ಯಾಗ ಯಾರಿಗೂ ಅಪ್ಪನ್ನ ಕೇಳಂಗಿಲ್ರಿ ಮ್ಯಾಡಮ್, ಫೋನ್ ನಂಬರ್ ಕೇಳ್ತೇವಿ."

"ಅದಕ್ಕ ಹುಬ್ಬಳ್ಳಿ ಹಂಗೈತಿ."

ನಿರ್ಣಯಗಳೆಲ್ಲ ಸರ್ವಾನುಮತದಿಂದಲೇ ಆಗಬೇಕೆಂಬುದು ಮುರುಗೆಪ್ಪನವರ ಹಟ. ಅವರಿಗೆ ಆ ಸಂಜೆ ಒಂದು ಉಪಾಯ ಹೊಳೆಯಿತು. ಜಗಳ ಹತ್ತಿದ ಅಂಶದ ಮುಂದೆ 'ಇದ್ದರೆ' ಎಂದು ಬರೆಯುವುದು. ತಂದೆಯ ಹೆಸರನ್ನು, ಇದ್ದರೆ, ನಮೂದಿಸತಕ್ಕದ್ದು. ಇಬ್ಬರೂ ತಲೆದೂಗಿದರು. ಮುಂದಿನ ಸಭೆಯಲ್ಲಿ ದಿನಾಂಕವನ್ನು, ಇದ್ದರೆ, ನಮೂದಿಸತಕ್ಕದ್ದು ಎಂದಾಯಿತು. ಆಮೇಲೆ ರೋಗಿಯ ಹೆಸರನ್ನು, ಇದ್ದರೆ. ಆಮೇಲೆ ಪರೀಕ್ಷೆಯ ಫಲಿತಾಂಶವನ್ನು, ಇದ್ದರೆ. ಕೊನೆಗೆ ಇಡೀ ನಿಯಮಾವಳಿಯಲ್ಲಿ ಯಾರೂ ವಿರೋಧಿಸುವಂಥದ್ದು ಏನೂ ಉಳಿಯಲಿಲ್ಲ. ಇಷ್ಟು ಭಿನ್ನಮತದ ನಡುವೆ ಇಂಥ ಒಮ್ಮತ ತಂದದ್ದಕ್ಕೆ ಮುರುಗೆಪ್ಪನವರು ತಮ್ಮ ಬೆನ್ನನ್ನು ತಾವೇ ತಟ್ಟಿಕೊಂಡರು. ಬೇರೆಯವರು ತಟ್ಟುವ ಕಾರ್ಯಕ್ರಮವನ್ನು ಮಂಡಳಿ ಆಮೇಲೆ ಇಟ್ಟುಕೊಂಡಿತ್ತು.

ಒಂದು ಕಲಮಿಗೆ ಮಾತ್ರ ಅವರು 'ಇದ್ದರೆ' ಸೇರಿಸಲಿಲ್ಲ: "ಕಾಗದದ ಮೇಲೆ, ಫೋಟೊ ರೂಪದಲ್ಲಿ ಅಥವಾ ಬಾಯಿಮಾತಿನಲ್ಲಿ ಬಂದ ವರದಿಯನ್ನು ಯಾವ ಆಸ್ಪತ್ರೆಯೂ ಸ್ವೀಕರಿಸಕೂಡದು." ಎರಡು ದಾರಿ ಬಿಟ್ಟರೆ ಜನ ಹಳೆಯದನ್ನೇ ಹಿಡಿಯುತ್ತಾರೆಂಬುದು ಅವರ ಅನುಭವ. ತೀರ ತುರ್ತಿದ್ದರೆ ಅಧ್ಯಕ್ಷರು ಸಹಿ ಮಾಡಿ ವಿನಾಯಿತಿ ಕೊಡಬಹುದು. ಆದರೆ ಹಾಗೆ ಕೊಟ್ಟ ವಿನಾಯಿತಿಗಳ ಸಂಖ್ಯೆಯನ್ನು ಮಂಡಳಿಯ ಜಾಲತಾಣದ ನೆತ್ತಿಯ ಮೇಲೆ ಪ್ರಕಟಿಸತಕ್ಕದ್ದು.

ನಂತರ ಪ್ರಯೋಗ ನಡೆಯಿತು. ಕೇಶ್ವಾಪುರದಿಂದ ಹೊರಟ ಮೊದಲ ವರದಿಯನ್ನು ಧಾರವಾಡದ ಕಂಪ್ಯೂಟರು ಕೆಂಪು ಗುರುತು ಹಾಕಿ ವಾಪಸ್ ಕಳಿಸಿತು. ದಿನಾಂಕದಲ್ಲಿ ಇವರು ತಿಂಗಳು ಮೊದಲು ಬರೆದಿದ್ದರು, ಅವರು ದಿನ ಮೊದಲು ಬರೆಯುವವರು. ದಿನಾಂಕ ಕಡ್ಡಾಯವಲ್ಲವಾದ್ದರಿಂದ ಅದನ್ನು ತೆಗೆದರು. ಆಗ ಹೆಸರಿಗೆ ತಕರಾರು ಬಂತು. ಅದೂ ಕಡ್ಡಾಯವಲ್ಲ, ತೆಗೆದರು. ಒಂದೊಂದೇ ತೆಗೆದ ಹಾಗೆ ತಪ್ಪುಗಳು ಕಡಿಮೆಯಾಗುತ್ತ ಬಂದು, ಫಲಿತಾಂಶವನ್ನೂ ತೆಗೆದ ಮೇಲೆ ತೆರೆಯ ಮೇಲೆ ಹಸಿರು ಗುರುತು ಮೂಡಿತು. ಎರಡೂ ಊರಿನಲ್ಲಿ ಪೇಡೆ ಹಂಚಲಾಯಿತು. ಮುರುಗೆಪ್ಪನವರಿಗೆ ಹಸಿರು ಗುರುತಿನ ಸುದ್ದಿ ಫೋನಿನಲ್ಲಿ ತಲುಪಿತು. ವರದಿಯೊಳಗೆ ಏನಿತ್ತು ಎಂದು ಅವರು ಕೇಳಲಿಲ್ಲ. ಮಾನಕ ಬರೆದವರು ವರದಿ ಓದಬೇಕೆಂಬ ನಿಯಮ ಇರಲಿಲ್ಲ.

ಉದ್ಘಾಟನೆಯ ಮಾವಿನ ತೋರಣ ಬಾಡುವ ಮುನ್ನವೇ ಮುರುಗೆಪ್ಪನವರ ಎಡಪಕ್ಕೆಯಲ್ಲಿ ನೋವು ಎದ್ದಿತು. ಎಂಥ ನೋವೆಂದರೆ, ಅವರು ಹೆಂಡತಿ ದಾಕ್ಷಾಯಿಣಿಯ ಮಾತಿಗೆ ಎದುರಾಡದೆ ಕಾರು ಹತ್ತಿ ಕೇಶ್ವಾಪುರಕ್ಕೆ ಹೋದರು. ಇಸ್ತಿಯಾಕ ಸ್ವತಃ ನಿಂತು ಸ್ಕ್ಯಾನ್ ಮಾಡಿಸಿ ತೆರೆ ತೋರಿಸಿದರು.

"ನೋಡ್ರಿ ಸರ್, ಕಿಡ್ನಿ ಕೆಳಗ ನಳಿಗ್ಯಾಗ ಕುಂತೈತಿ. ಕಡ್ಲಿಕಾಳಿನಷ್ಟ ಐತಿ. ಇಷ್ಟು ಚಂದ ಕಾಣೂ ಹರಳ ನಾ ಭಾಳ ದಿನದಾಗ ನೋಡಿಲ್ಲ."

"ಚಂದ ಆಮ್ಯಾಲೆ ನೋಡೂಣಂತ. ವರದಿ ಕಳಸ್ರಿ."

"ನೀವು ಧಾರವಾಡ ಮುಟ್ಟೂದ್ರಾಗ ಅದು ಮುಟ್ಟಿರತೈತಿ ಸರ್. ನಿಮ್ಮ ಮಾನಕ ಅಲ್ಲೇನ್ರಿ."

ಮಾತು ಖರೇ ಇತ್ತು. ಮುರುಗೆಪ್ಪನವರು ಧಾರವಾಡದ ಆಸ್ಪತ್ರೆಯ ಹಾಸಿಗೆಯ ಮೇಲೆ ಮಲಗುವ ಹೊತ್ತಿಗೆ ವರದಿ ಬಂದು ಕೂತಿತ್ತು. ಶಸ್ತ್ರಚಿಕಿತ್ಸಕ ಡಾಕ್ಟರ್ ವಿಶಾಲ ಅದನ್ನು ತೆರೆದು, ಮುಚ್ಚಿ, ಮತ್ತೆ ತೆರೆದರು.

"ಸರ್, ವರದಿ ಬಂದೈತಿ. ಮಾನಕದ ಪ್ರಕಾರ ನೂರಕ್ಕ ನೂರು ಬರೋಬರಿ ಐತಿ."

"ಮತ್ತ ತಡಾ ಯಾಕ?"

"ಅದರಾಗ ಏನೂ ಇಲ್ರಿ."

ಮುರುಗೆಪ್ಪನವರು ಕತ್ತು ಎತ್ತಿ ನೋಡಿದರು. ಬಿಳಿಯ ಪುಟ. ಮೇಲ್ಗಡೆ ಹಸಿರು ಗುರುತು. ತಮ್ಮ ಮಾನಕದಲ್ಲಿ ಬರೆದ ವರದಿಯನ್ನು ಅವರು ನೋಡುತ್ತಿದ್ದುದು ಅದೇ ಮೊದಲು. ಅಚ್ಚುಕಟ್ಟಾಗಿತ್ತು ಎಂದು ಒಪ್ಪಿಕೊಳ್ಳಲೇಬೇಕು.

"ಇಸ್ತಿಯಾಕಗ ಒಂದ ಫೋನ್ ಹಚ್ಚಿ ಕೇಳ್ರಿ. ನಾನ ಕಣ್ಣಾರೆ ನೋಡೇನಿ ಹರಳ."

"ಬಾಯಿಮಾತ ತಗೊಳ್ಳಂಗಿಲ್ಲಂತ ನೀವ ಬರದೀರಿ ಸರ್. ವಿನಾಯಿತಿ ಒಂದು ಕೊಟ್ಟಬಿಡ್ರಿ. ನಾಳೆ ಮುಂಜಾನೆ ಹರಳ ತಗದಬಿಡ್ತೇನಿ."

ವಿನಾಯಿತಿ ಪತ್ರ ಬಂತು. ದಾಕ್ಷಾಯಿಣಿ ಪೆನ್ನಿನ ಮುಚ್ಚಳ ತೆಗೆದು ಗಂಡನ ಕೈಗೆ ಕೊಟ್ಟರು. ಮುರುಗೆಪ್ಪನವರು ಪೆನ್ನು ಹಿಡಿದರು, ಸಹಿ ಮಾಡಲಿಲ್ಲ. ಮಂಡಳಿಯ ಜಾಲತಾಣದ ನೆತ್ತಿಯ ಮೇಲೆ ಅಂದು 'ವಿನಾಯಿತಿಗಳು: ಸೊನ್ನೆ' ಎಂದಿತ್ತು. ಸೋಮವಾರ ನವನಗರದಲ್ಲಿ ಅವರಿಗೆ ಸನ್ಮಾನ. ಮಾನಕ ನೋಡಿ ಒಯ್ಯಲು ಹೊರಜಿಲ್ಲೆಯವರೂ ಬರುವವರಿದ್ದರು. ಅವರ ಕಣ್ಣಿಗೆ ಬೀಳುವ ಮೊದಲ ವಿನಾಯಿತಿ, ಮಾನಕ ಬರೆದವನದೇ.

"ಸಹಿ ಮಾಡ್ರಿ," ಎಂದರು ದಾಕ್ಷಾಯಿಣಿ.

"ವಿಚಾರ ಮಾಡಾಕತ್ತೇನಿ."

"ಹರಳ ಕುಂತಿದ್ದು ನಿಮ್ಮ ಹೊಟ್ಟ್ಯಾಗ. ನವನಗರದಾಗಲ್ಲ."

"ನಿನಗ ತಿಳ್ಯಂಗಿಲ್ಲ. ಇದು ತತ್ವದ ಪ್ರಶ್ನಿ."

"ತತ್ವ ಆದ್ರ ಹಿಂಗ್ಯಾಕ ಒದರಾಕತ್ತೀರಿ? ಸುಮ್ನ ಮಲಕೋರಿ."

ಮುರುಗೆಪ್ಪನವರು ಹಲ್ಲು ಕಚ್ಚಿ ಒಂದು ನಿರ್ಧಾರಕ್ಕೆ ಬಂದರು. ಮಾನಕ ಮೀರುವುದು ಬೇಡ, ಮಾನಕವನ್ನೇ ತಿದ್ದಿದರಾಯಿತು. ಫಲಿತಾಂಶದ ಮುಂದಿನ 'ಇದ್ದರೆ' ಒಂದನ್ನು ತೆಗೆದರೆ ಸಾಕು. ಸಮಿತಿಯ ತುರ್ತುಸಭೆ ಮರುದಿನವೇ ಅವರ ಹಾಸಿಗೆಯ ಸುತ್ತ ಸೇರಿತು. ಇಸ್ತಿಯಾಕ ಎಳನೀರು ತಂದಿದ್ದರು, ಧಾರವಾಡಕ್ಕೆ ಬಂದದ್ದನ್ನು ಸಭೆಗೆ ಬಂದದ್ದೆಂದು ತಿಳಿಯಬಾರದು, ರೋಗಿಯನ್ನು ನೋಡಲು ಬಂದದ್ದು ಎಂದು ಸ್ಪಷ್ಟಪಡಿಸಿದರು.

"'ಇದ್ದರೆ' ತಗದ್ರ," ಎಂದರು ಸುಮಲತಾ, "ಇಲ್ಲೀತನಕ ಬಂದಿದ್ದ ವರದಿ ಎಲ್ಲಾ ಕೆಂಪ ಆಗತಾವ್ರಿ ಸರ್. ಸೋಮವಾರ ಮಂದಿ ಮುಂದ ಏನ ತೋರಸೂದು?"

"ನಮ್ಮ ಸಾಫ್ಟ್‌ವೇರ್ ಮತ್ತ ಬರಸಬೇಕಾಗತೈತಿ," ಎಂದರು ಇಸ್ತಿಯಾಕ. "ಮುಂದಿನ ಉಗಾದಿ ಆಗತೈತ್ರಿ."

ಇಬ್ಬರೂ ವಿರೋಧಿಸಿದ್ದರಿಂದ ಸರ್ವಾನುಮತ ಕೆಟ್ಟಿತು. ಹುಬ್ಬಳ್ಳಿ, ಧಾರವಾಡ ಒಂದೇ ಕಡೆ ನಿಂತದ್ದನ್ನು ಮುರುಗೆಪ್ಪನವರು ನೋವಿನಲ್ಲೂ ಗಮನಿಸಿ ಸಂತೋಷಪಟ್ಟರು.

"ಒಂದ ಸಣ್ಣ ಸಂಶೇ ಐತ್ರಿ ಸರ್," ಎಂದರು ಸುಮಲತಾ. "ಖಾಲಿ ವರದಿ ಬಂದ್ರ ಏನಂತ ಓದಬೇಕು? ನಮ್ಮ ಡಾಕ್ಟರು ದಿನಾ ಕೇಳಾಕತ್ತಾರ. ಮಾನಕದಾಗ ಅದನ್ನ ಬರದಿಲ್ಲ. ಅದೊಂದ ಅರ್ಧಾ ಉಳದೈತಿ."

ಅರ್ಧ ಉಳಿದಿದೆ ಎಂಬ ಮಾತು ಮುರುಗೆಪ್ಪನವರಿಗೆ ಹರಳಿಗಿಂತ ಜೋರಾಗಿ ಚುಚ್ಚಿತು. ಅವರ ಮಾನಕದಲ್ಲಿ ಅರ್ಧ ಉಳಿದದ್ದು ಇರಲು ಸಾಧ್ಯವಿರಲಿಲ್ಲ. ದಿಂಬಿಗೆ ಒರಗಿ, ಕಣ್ಣು ಮುಚ್ಚಿ, ಅಲ್ಲೇ ಬಾಯಲ್ಲಿ ಹೇಳಿ ಬರೆಸಿದರು: "ಯಾವುದೇ ದೋಷದ ಉಲ್ಲೇಖವಿಲ್ಲದ ವರದಿಯನ್ನು ನಿರ್ದೋಷವಾದ ವರದಿ ಎಂದು ಓದತಕ್ಕದ್ದು. ಅಂಥ ವರದಿಯುಳ್ಳ ವ್ಯಕ್ತಿಯನ್ನು ಆರೋಗ್ಯವಂತನೆಂದು ಪರಿಗಣಿಸತಕ್ಕದ್ದು."

"ಏನ್ ಭಾಷಾರಿ ಸರ್!" ಎಂದರು ಇಸ್ತಿಯಾಕ.

ಸುಮಲತಾ ಕೈ ಎತ್ತಿದರು. ಇಸ್ತಿಯಾಕ ಕೈ ಎತ್ತಿದರು. ಮುರುಗೆಪ್ಪನವರು ಸಲೈನ್ ಸೂಜಿ ಚುಚ್ಚದ ಕೈಯನ್ನು ಎತ್ತಿದರು. ಕಲಮು ಅಂಗೀಕಾರವಾಯಿತು. ಅದೇ ಕ್ಷಣದಿಂದ ಜಾರಿಗೆ ಬರತಕ್ಕದ್ದು ಎಂಬ ಸಾಲನ್ನೂ ಅವರೇ ಉತ್ಸಾಹದಿಂದ ಸೇರಿಸಿದ್ದರು.

ಡಾಕ್ಟರ್ ವಿಶಾಲ ಒಳಗೆ ಬಂದು ಹೊಸ ಕಲಮು ಓದಿದರು. ತೆರೆಯ ಮೇಲಿನ ಬಿಳಿಯ ಪುಟ ನೋಡಿದರು. ಆಮೇಲೆ ಹಾಸಿಗೆಯ ಮೇಲಿದ್ದವರನ್ನು ನೋಡಿದರು.

"ಹಂಗಾದ್ರ ಸರ್, ನೀವಿನ್ನ ಮನಿಗೆ ಹೋಗಬಹುದು."

"ವಿನಾಯಿತಿ ಪತ್ರ ಎಲ್ಲೈತಿ? ಕೊಡ್ರಿ, ಸಹಿ ಮಾಡ್ತೇನಿ," ಎಂದರು ಮುರುಗೆಪ್ಪನವರು, ಸ್ವಲ್ಪ ಅವಸರದಲ್ಲೇ.

"ವಿನಾಯಿತಿ ರೋಗಿಗಷ್ಟ ಐತ್ರಿ. ನೀವು ಆರಾಮ ಅದೀರಿ."

ದಾಕ್ಷಾಯಿಣಿ ಪೆನ್ನಿಗೆ ಮುಚ್ಚಳ ಹಾಕಿದರು.

ಆ ವಾರ ಆಸ್ಪತ್ರೆಯ ಹಲವು ಹಾಸಿಗೆಗಳು ತೆರವಾದವು. ಅವಳಿ ನಗರದ ಜನಾರೋಗ್ಯದಲ್ಲಿ ಕಂಡುಬಂದ ಸುಧಾರಣೆಯನ್ನು ಮಂಡಳಿ ಪ್ರಕಟಣೆಯ ಮೂಲಕ ತಿಳಿಸಿತು. "ತಿರಸ್ಕೃತ ವರದಿ: ಇಲ್ಲ. ವಿನಾಯಿತಿ: ಇಲ್ಲ. ರೋಗಿ: ಇದ್ದರೆ, ಸಂಪರ್ಕಿಸಿ." ಮನೆಗೆ ಹೋದವರು ತಮಗೆ ಇನ್ನೂ ನೋವಿದೆ ಎಂದು ಫೋನು ಮಾಡಿದರು. ಬಾಯಿಮಾತಿನ ವರದಿಯನ್ನು ಸ್ವೀಕರಿಸಲಾಗುವುದಿಲ್ಲವೆಂದು ಅವರಿಗೆ ನಯವಾಗಿ ತಿಳಿಸಲಾಯಿತು. ಕೆಲದಿನಗಳಲ್ಲಿ ಅವರಿಗೂ ರೂಢಿಯಾಯಿತು.

ಸೋಮವಾರ ನವನಗರದಲ್ಲಿ ಸನ್ಮಾನ ಸಾಂಗವಾಗಿ ನಡೆಯಿತು. ಶಾಲು ಹೊದಿಸುವಾಗ ಮುರುಗೆಪ್ಪನವರು ಎಡಪಕ್ಕೆಗೆ ಕೈ ಒತ್ತಿ ನಡು ಬಾಗಿಸಿ ನಿಂತದ್ದನ್ನು ಪಾಂಡಿತ್ಯಕ್ಕೆ ಒಪ್ಪುವ ವಿನಯವೆಂದು ನಿರೂಪಕರು ಬಣ್ಣಿಸಿದರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಹೊರಜಿಲ್ಲೆಯವರು ಮಾನಕದ ಪ್ರತಿ ಪಡೆದು, ನಮ್ಮಲ್ಲೂ ನಾಳೆಯಿಂದಲೇ ಎಂದರು. ಎರಡು ಮಾತಾಡಿರೆಂದು ಕೇಳಿದ್ದಕ್ಕೆ ಮುರುಗೆಪ್ಪನವರು ಧ್ವನಿವರ್ಧಕದ ಕಂಬ ಹಿಡಿದುಕೊಂಡು, ಬೆವರು ಒರೆಸಿಕೊಂಡು, ತಮ್ಮ ವರದಿಯಲ್ಲಿ ಯಾವ ದೋಷವೂ ಇಲ್ಲ, ತಾವು ಸಂಪೂರ್ಣ ಆರೋಗ್ಯವಾಗಿದ್ದೇವೆ ಎಂದರು. ಎದುರು ಸಾಲಿನಲ್ಲಿ ದಾಕ್ಷಾಯಿಣಿ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಅವರ ಮಡಿಲಲ್ಲಿ ಬಿಸಿನೀರಿನ ಚೀಲವಿತ್ತು.

ಹರಳು ಇದ್ದಲ್ಲೇ ಇತ್ತು.