ಹದಿನೇಳನೇ ನಂಬರಿನ ಗಾಳಿಯಂತ್ರಕ್ಕೆ, ನಮ್ಮ ನವಣೆಯ ಕಣದಿಂದ

ದೇವಸಮುದ್ರದ ಗುಡ್ಡದ ನೆತ್ತಿಯಲ್ಲಿ ನಿಂತು ಮೂರು ಹಳ್ಳಿಗಳ ಹೊಲಗಳನ್ನು ಏಕಕಾಲಕ್ಕೆ ಅವಲೋಕಿಸುತ್ತಿರುವ ಹದಿನೇಳನೇ ನಂಬರಿನ ಗಾಳಿಯಂತ್ರ ಮಹಾಶಯರಿಗೆ ನಮಸ್ಕಾರಗಳು. ತಲೆಬಾಗಿ ವಂದಿಸುವುದು ವಾಡಿಕೆ. ಹಾಗೆ ಮಾಡಿದರೆ ತಮ್ಮ ಪಾದದ ಬೋಲ್ಟುಗಳಷ್ಟೇ ಕಾಣುವುದರಿಂದ, ತಲೆಯೆತ್ತಿ ವಂದಿಸಿದ್ದೇನೆ.

ಮಾನ್ಯರೇ,

ನಾನು ಚಳ್ಳಕೆರೆಯ ಕಾಲೇಜಿನಲ್ಲಿ ಭೌತಶಾಸ್ತ್ರ ಓದುತ್ತಿದ್ದು, ಐದು ಸೆಮಿಸ್ಟರುಗಳಿಂದಲೂ ತರಗತಿಗೆ ಮೊದಲಿಗಳಾಗಿದ್ದೇನೆ. ಇದನ್ನು ಜಂಬಕ್ಕಾಗಿ ಅಲ್ಲ, ದೂರಿನ ತೂಕಕ್ಕಾಗಿ ನಮೂದಿಸಿದ್ದೇನೆ. ಕಳೆದ ತಿಂಗಳು ‘ಇಂಧನ ಸ್ವಾವಲಂಬನೆ’ ಕುರಿತ ಭಾಷಣ ಸ್ಪರ್ಧೆಯಲ್ಲಿ ತಮ್ಮನ್ನು ಹೊಗಳಿಯೇ ಪ್ರಥಮ ಬಹುಮಾನ ಪಡೆದೆ. ಕಲ್ಲಿದ್ದಲು ಒಂದು ದಿನ ಮುಗಿಯುತ್ತದೆ, ಕಚ್ಚಾತೈಲ ಪರದೇಶದವರ ಮರ್ಜಿಯಲ್ಲಿದೆ, ಯಾವುದೋ ಕಡಲಿನ ಕಿರಿದಾದ ದಾರಿಯಲ್ಲಿ ಹಡಗುಗಳು ತಡೆದು ನಿಂತರೆ ರಾಂಪುರದ ಬಂಕಿನಲ್ಲಿ ‘ಡೀಸೆಲ್ ಇಲ್ಲ’ ಎಂಬ ಬೋರ್ಡು ನೇತಾಡುತ್ತದೆ, ಆದರೆ ನಮ್ಮ ಗುಡ್ಡದ ಗಾಳಿಯನ್ನು ಯಾರೂ ತಡೆದು ನಿಲ್ಲಿಸಲಾರರು ಎಂದು ಘೋಷಿಸಿದಾಗ ಸಭಾಂಗಣವೆಲ್ಲ ಚಪ್ಪಾಳೆ ತಟ್ಟಿತು. ಅದು ತಾನಾಗಿಯೇ ನಿಲ್ಲಬಲ್ಲದು ಎಂಬ ಅಂಶ ಆಗ ನನ್ನ ಟಿಪ್ಪಣಿಯಲ್ಲಿರಲಿಲ್ಲ.

ಅದೇ ಹುಮ್ಮಸ್ಸಿನಲ್ಲಿ ಊರಿಗೆ ಬಂದೆ. ನಮ್ಮಜ್ಜಿ ರಂಗಕ್ಕನವರು ಎರಡೆಕರೆಯ ನವಣೆಯನ್ನು ಕೊಯ್ದು, ಒಕ್ಕಣೆ ಮುಗಿಸಿ, ಕಣದಲ್ಲಿ ರಾಶಿ ಹಾಕಿದ್ದರು; ತೂರಿ ಹೊಟ್ಟು ಹಾರಿಸುವುದೊಂದೇ ಬಾಕಿ. ಊರಿನವರೆಲ್ಲ ಈಗ ಅದಕ್ಕೆ ಕೆಂಚಣ್ಣನವರ ಟ್ರ್ಯಾಕ್ಟರನ್ನು ಕರೆಸುತ್ತಾರೆ. ಹಿಂದೆ ಜೋಡಿಸಿದ ಫ್ಯಾನು ಭರ್ರೆಂದು ತಿರುಗುತ್ತದೆ, ಅದರ ಮುಂದೆ ನಿಂತು ತೂರುತ್ತಾರೆ. ಸಮುದ್ರದಾಚೆಯಿಂದ ತರಿಸಿದ ಎಣ್ಣೆಯನ್ನು ಸುಟ್ಟು, ಗಾಳಿಯಂತ್ರದ ಬುಡದಲ್ಲೇ ಗಾಳಿ ತಯಾರಿಸುವ ಈ ವ್ಯವಸ್ಥೆ ಪ್ರಥಮ ಬಹುಮಾನ ಪಡೆದವಳಿಗೆ ಸಹ್ಯವಾಗಲಿಲ್ಲ. ನಮ್ಮ ಕಣಕ್ಕೆ ಡೀಸೆಲ್ಲಿನ ಗಾಳಿ ಬೇಡ, ಗುಡ್ಡದ ಗಾಳಿಗೆ ಕಾಯುತ್ತೇವೆ ಎಂದು ಎಲ್ಲರೆದುರು ಸಾರಿ, ಕಣಕ್ಕೆ ಬಂದ ಟ್ರ್ಯಾಕ್ಟರನ್ನು ವಾಪಸು ಕಳಿಸಿದೆ. ಓದಿದ ಮೊಮ್ಮಗಳ ಮಾತೆಂದು ಅಜ್ಜಿ ಒಪ್ಪಿಕೊಂಡರು.

ಇಂದಿಗೆ ಒಂಬತ್ತು ದಿನ. ತಮ್ಮ ಮೂರು ರೆಕ್ಕೆಗಳಲ್ಲಿ ಒಂದೂ ಅಲುಗಿಲ್ಲ. ಆಷಾಢದಲ್ಲಿ, ತೂರಲು ಊರಲ್ಲಿ ಒಂದು ಹಿಡಿ ಕಾಳೂ ಇಲ್ಲದಾಗ, ತಾವು ಹಗಲಿರುಳು ತಿರುಗಿ, ಆ ಕರೆಂಟನ್ನು ನಮ್ಮ ತಲೆಯ ಮೇಲಿನ ತಂತಿಗಳಲ್ಲೇ ನಾವು ಕಾಣದ ಊರುಗಳಿಗೆ ಕಳಿಸಿಕೊಟ್ಟ ಔದಾರ್ಯವನ್ನು ನೆನೆದರೆ, ಕಾರ್ತಿಕದಲ್ಲಿ ತಮಗೆ ದಣಿವಾಗಿರುವುದು ಸಹಜವೇ. ಸೆಕೆಂಡಿಗೆ ಮೂರು ಮೀಟರಾದರೂ ಗಾಳಿ ಬೀಸದೆ ತಾವು ಏಳುವುದಿಲ್ಲವೆಂದು ನಾನು ಬಲ್ಲೆ, ಅಜ್ಜಿಗೂ ವಿವರಿಸಿದೆ. ಅವರು ತಮ್ಮತ್ತ ನೋಡಿ, “ಅಷ್ಟೆತ್ತರದ ಫ್ಯಾನ್ ಐತೆ, ಸ್ವಿಚ್ ಹಾಕಾಕೆ ಒಬ್ರೂ ಇಲ್ವಲ್ಲೇ ಸೌಂದರ್ಯ” ಎಂದರು. ಗಾಳಿ ತಮ್ಮನ್ನು ತಿರುಗಿಸುತ್ತದೆಯೇ ಹೊರತು ತಾವು ಗಾಳಿ ಬೀಸುವುದಿಲ್ಲವೆಂದು ತಿಳಿಹೇಳಿದೆ. “ಅಂಗಾರೆ ಅದೂ ನಮ್ಮಂಗೇ ಗಾಳಿಗೆ ಕಾಯ್ಕಂಡು ಕುಂತೈತೆ ಅನ್ನು” ಎಂದರು.

ಕೆಂಚಣ್ಣನವರು ದಿನಾ ಕಣದ ಪಕ್ಕ ಟ್ರ್ಯಾಕ್ಟರು ನಿಧಾನಿಸಿ, “ಏನವ್ವಾ, ಫಸ್ಟ್ ಪ್ರೈಜ್ ಗಾಳಿ ಬಂತಾ?” ಎಂದು ಕಾಳಜಿಯಿಂದ ವಿಚಾರಿಸುತ್ತಾರೆ. ನಿನ್ನೆ, ಗಾಳಿಯಿಲ್ಲದ ದಿನ ಹಿಂದಿನವರು ಮಾಡುತ್ತಿದ್ದಂತೆ, ನಾನೂ ಪಕ್ಕದ ಮನೆಯ ಮಂಜುಳಮ್ಮನವರೂ ಕಂಬಳಿಯ ತುದಿಗಳನ್ನು ಹಿಡಿದು ಬೀಸಿದೆವು, ಅಜ್ಜಿ ಮೊರದಿಂದ ತೂರಿದರು. ಡೀಸೆಲ್ಲಿಗೆ ಪರ್ಯಾಯವೆಂದರೆ ನನ್ನೆರಡು ತೋಳುಗಳು ಎಂಬುದು ಆಗ ಮನವರಿಕೆಯಾಯಿತು. ಮಧ್ಯಾಹ್ನಕ್ಕೆ ಒಂದು ಚೀಲ ತುಂಬಿತು. ಆಮೇಲೆ ಪರ್ಯಾಯವನ್ನು ಮೇಲೆತ್ತಲಾಗಲಿಲ್ಲ. ಇನ್ನೂ ಏಳು ಚೀಲದಷ್ಟು ರಾಶಿ ಕಣದಲ್ಲಿದೆ, ಬರುವ ವರ್ಷದ ಬೀಜವೂ ಅದರಲ್ಲೇ ಇದೆ, ಮೂಡಲಲ್ಲಿ ಮೋಡ ಕಟ್ಟುತ್ತಿದೆ.

ಆದಕಾರಣ ವಿನಂತಿಯೇನೆಂದರೆ, ಮುಂದಿನ ಆಷಾಢದ ಗಾಳಿಯಲ್ಲಿ ನಾಲ್ಕು ಗಂಟೆಯಷ್ಟನ್ನು, ನಮ್ಮ ಹಿರಿಯರು ಜೋಳವನ್ನು ಹಗೇವಿನಲ್ಲಿ ಹೂತಿಡುತ್ತಿದ್ದಂತೆ, ಕಾರ್ತಿಕಕ್ಕೆಂದು ಕಾಪಿಟ್ಟುಕೊಡಬೇಕು. ಅದಾಗದಿದ್ದಲ್ಲಿ ವರ್ಷಕ್ಕೆ ಅರ್ಧ ದಿನ ಹಿಮ್ಮುಖವಾಗಿ ತಿರುಗಿ, ಅಜ್ಜಿ ಮೊದಲು ನಂಬಿದ್ದಂತೆ ನಿಜಕ್ಕೂ ಫ್ಯಾನಾಗಬೇಕು. ಭೌತಶಾಸ್ತ್ರದ ಆಕ್ಷೇಪಣೆಗಳನ್ನು ನಾನು ನೋಡಿಕೊಳ್ಳುತ್ತೇನೆ.

ತಮ್ಮ ಉತ್ತರ ಬರುವವರೆಗೆ ಮೋಡಗಳು ಕಾಯುವಂತಿಲ್ಲ. ಇಂದು ಬೆಳಿಗ್ಗೆ ಅಜ್ಜಿ ಬೈಯಲಿಲ್ಲ. “ಗಾಳಿ ನಿನ್ ಮಾತು ಕೇಳ್ಲಿಲ್ಲ, ನೀನಾದ್ರೂ ನನ್ ಮಾತು ಕೇಳು. ಕೆಂಚಣ್ಣನ್ನ ನೀನೇ ಹೋಗಿ ಕರ್ಕಂಬಾ” ಎಂದಷ್ಟೇ ಹೇಳಿದರು. ಬಹುಮಾನದ ಭಾಷಣವನ್ನು ಬರೆಯಲು ನನಗೆ ಒಂದು ಗಂಟೆ ಸಾಕಾಗಿತ್ತು. ಕೆಂಚಣ್ಣನವರ ಮನೆಯ ಬಾಗಿಲಲ್ಲಿ ನಿಂತು ಆಡಬೇಕಾದ ಒಂದೇ ಒಂದು ವಾಕ್ಯವನ್ನು ಬೆಳಗಿನಿಂದ ತಿದ್ದುತ್ತಲೇ ಇದ್ದೇನೆ.

ಒಂಬತ್ತು ದಿನಗಳ ಮಟ್ಟಿಗಾದರೂ ತಮ್ಮ ವಿಶ್ವಾಸಿಯಾಗಿದ್ದ,
ಸೌಂದರ್ಯ

ಬರೆಯಲು ಮರೆತದ್ದು: ಈ ಪತ್ರವನ್ನು ತಮ್ಮ ಬುಡದ ಕಬ್ಬಿಣದ ಬಾಗಿಲಿನ ಮೆಟ್ಟಿಲ ಮೇಲೆ ಇಟ್ಟಿದ್ದೇನೆ. ಅಂಟು ಹಚ್ಚಿಲ್ಲ, ಮೇಲೊಂದು ಕಲ್ಲನ್ನೂ ಇಟ್ಟಿಲ್ಲ. ತಮ್ಮ ಸನ್ನಿಧಿಯಲ್ಲಿ ಕಾಗದ ಹಾರಿಹೋದೀತೆಂಬ ಭಯ ಸದ್ಯಕ್ಕೆ ಯಾರಿಗೂ ಇಲ್ಲ.