ತಾಂಬಡ ದಾರ

…ಅಥವಾ ಅತ್ತೆ ‘ತಾಂಬಡ’ ಎಂದಿರಲೇ ಇಲ್ಲವೋ ಏನೋ. ಈ ಸಂಗತಿಯನ್ನು ಹೇಳಿ ಹೇಳಿ ಅದರ ಅಂಚೆಲ್ಲ ನಯವಾಗಿಬಿಟ್ಟಿದೆ, ನಯವಾದ ನೆನಪನ್ನು ನಾನು ನಂಬುವುದಿಲ್ಲ. ಅತ್ತೆ ಅಂದು ಖಾನಾಪುರದ ಮನೆಯ ಪಡಸಾಲೆಯಲ್ಲಿ ಕೂತಿದ್ದರು ಎಂದು ಹೇಳುತ್ತೇನೆ, ಅಡುಗೆಮನೆಯಲ್ಲಿ ಇದ್ದಿರಬಹುದು. ಹೊರಗೆ ಮಳೆ ಹೊಡೆಯುತ್ತಿತ್ತು ಎಂದೂ ಒಮ್ಮೊಮ್ಮೆ ಸೇರಿಸುತ್ತೇನೆ. ಖಾನಾಪುರಕ್ಕೆ ಮಳೆ ಸೇರಿಸಿದರೆ ಯಾರೂ ಸಾಕ್ಷಿ ಕೇಳುವುದಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಬಿಜಾಪುರ ಕಡೆಯವಳು, ಬೆಳಗಾವಿಯ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದೆ. ಈ ವಿವರವನ್ನು ದಯವಿಟ್ಟು ನೆನಪಿಡಿ, ಮುಂದೆ ನನ್ನ ಮಾನ ಹೋಗುವುದು ಇದರಿಂದಲೇ. ನಾನು ಬಸುರಿ. ಹುಟ್ಟುವ ಕೂಸಿಗೆ ಅತ್ತೆ ಕೌದಿ ಹೊಲಿಯುತ್ತಿದ್ದರು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ತಮ್ಮ ಮದುವೆಯ ಕೆಂಪು ಸೀರೆಯ ತುಂಡುಗಳನ್ನು ಕೂಡಿಸುವುದು ಅವರ ಯೋಜನೆ. ಮದುವೆಯ ಸೀರೆಗೆ ಕತ್ತರಿ ಹಾಕುವುದು ಸಣ್ಣ ಮಾತಲ್ಲ. ಅದೂ ಬೇರೆ ಊರಿನ, ಜೋಳದ ರೊಟ್ಟಿಯನ್ನು ಅವರಿಗಿಂತ ತೆಳ್ಳಗೆ ತಟ್ಟುವ ಸೊಸೆಗಾಗಿ.

“ಶಾಂತಾ, ಬೆಳಗಾವಿಯಿಂದ ಬರೂವಾಗ ತಾಂಬಡ ದಾರ ತಗೊಂಡ ಬಾ. ಪಕ್ಕಾ ಬಣ್ಣದ್ದ ನೋಡಿ ತಗೋ. ತೊಟ್ಟಿಲದಾಗ ಹಾಕೂ ದಿನ ನಿಮ್ಮ ತವರಿನ ಹೆಣ್ಮಕ್ಕಳು ತಿರುವಿ ಮುರುವಿ ನೋಡ್ತಾರ,” ಎಂದರು.

ನಮ್ಮ ಕಡೆ ತಾಮ್ರಕ್ಕೆ ತಾಂಬ್ರ ಅನ್ನುತ್ತೇವೆ. ತಾಂಬಡ ಅಂದರೆ ಖಾನಾಪುರದವರ ತಾಂಬ್ರ ಇರಬೇಕು ಎಂದುಕೊಂಡೆ. ಕೇಳಿದ್ದರೆ ಆಗುತ್ತಿತ್ತು. ಕನ್ನಡ ಕಲಿಸುವವಳು ಪದದ ಅರ್ಥ ಕೇಳುವುದುಂಟೆ?

ಖಡೇಬಜಾರದ ಅಂಗಡಿಯಲ್ಲಿ ಅತ್ತೆ ಕೊಟ್ಟಿದ್ದ ಸೀರೆಯ ಕೆಂಪು ತುಂಡು ಮುಂದಿಟ್ಟು ತಾಮ್ರದ ಬಣ್ಣದ ದಾರ ಕೇಳಿದೆ. ಅಂಗಡಿಯವ ಕೆಂಪು ದಾರದ ಉಂಡಿ ತೆಗೆದ.

“ಬಾಯಾರ, ಈ ಕೆಂಪಿಗೆ ಕೆಂಪ ದಾರನ ಹಚ್ಚಬೇಕ್ರಿ. ಹೊಲಿಗಿ ಅರಿವಿಯೊಳಗ ಮುಚ್ಚಿ ಹೋಗಬೇಕು.”

ಹಳೆಯ ಮಾಲು ಸಾಗಹಾಕುವ ಹುನ್ನಾರ ಎಂದು ನನಗೆ ಆ ಕ್ಷಣವೇ ಖಾತ್ರಿಯಾಯಿತು. “ನಮ್ಮ ಅತ್ತಿಯವರು ತಾಂಬ್ರದ್ದ ಹೇಳ್ಯಾರ,” ಎಂದೆ.

“ಅತ್ತಿಯವರು ಹೇಳ್ಯಾರಂದ್ರ ಮುಗೀತ ಬಿಡ್ರಿ. ಅದರ ಮ್ಯಾಲ ಕೋರ್ಟಿಲ್ಲ.”

ಅವನ ನಗೆಯ ಮೇಲೂ ನನಗೆ ಸಂಶಯ. ಅವನು ತೆಗೆದುಕೊಟ್ಟ ತಾಮ್ರದ ಬಣ್ಣದ ಉಂಡಿಯ ಎಳೆ ಬಿಚ್ಚಿ ತುಂಡಿನ ಮೇಲೆ ಹಾಸಿ ನೋಡಿದೆ. ಸುತ್ತಿದ ದಾರದ ಬಣ್ಣವೇ ಬೇರೆ, ಬಿಚ್ಚಿದ ಎಳೆಯದೇ ಬೇರೆ. ಎಂಜಲು ಹಚ್ಚಿ ಬಿಳಿ ಕರವಸ್ತ್ರಕ್ಕೆ ತಿಕ್ಕಿದೆ. ಹಲ್ಲಿನಿಂದ ಎಳೆದೆ. ಇಷ್ಟೆಲ್ಲ ಪರೀಕ್ಷೆ ದಾರಕ್ಕಷ್ಟೇ ಆಯಿತು. ನನ್ನ ಕಿವಿಗೆ ಒಂದೂ ಆಗಲಿಲ್ಲ.

ಖಾನಾಪುರದಲ್ಲಿ ಅತ್ತೆ ಎಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಕೆಂಪು ತುಂಡನ್ನು ನೋಡಿದರು. ಆಮೇಲೆ ನನ್ನನ್ನು.

“ನೀನ ಆರಿಸಿದೇನ?”

“ಹೌದ್ರಿ. ಬಣ್ಣ ಬಿಡಂಗಿಲ್ರಿ, ತಿಕ್ಕಿ ನೋಡೀನಿ.”

“ಆತ ಬಿಡು.”

ಮದುವೆಯಾಗಿ ಎರಡು ವರ್ಷವಾದರೂ ಆ ‘ಆತ ಬಿಡು’ ನನಗೆ ತಿಳಿದಿರಲಿಲ್ಲ. ಅದು ಒಪ್ಪಿಗೆಯೂ ಆಗಬಹುದು, ಕೈತೊಳೆದುಕೊಂಡದ್ದೂ ಆಗಬಹುದು.

ತೊಟ್ಟಿಲಿನ ದಿನ ಬಿಜಾಪುರದಲ್ಲಿ ನಮ್ಮ ದೊಡ್ಡವ್ವ ಕೌದಿ ಬಿಡಿಸಿ ಹಿಡಿದಳು. ಕೆಂಪಿನ ಮೇಲೆ ತಾಮ್ರದ ಹೊಲಿಗೆ ಇರುವೆ ಸಾಲು ಹೊರಟ ಹಾಗೆ ಕಾಣುತ್ತಿತ್ತು. “ಬೀಗತೀ, ಒಂದೊಂದ ಹೊಲಿಗಿ ಎಣಿಸಬಹುದಲ್ರಿ!” ಎಂದಳು. ಅತ್ತೆ ಎಲ್ಲರ ಮುಂದೆ, ಮುಖದಲ್ಲಿ ಏನನ್ನೂ ಬಿಟ್ಟುಕೊಡದೆ, “ದಾರ ನಿಮ್ಮ ಮಗಳ ಆರಿಸ್ಯಾಳ್ರಿ,” ಎಂದರು. ಹೆಂಗಸರೆಲ್ಲ ನಕ್ಕರು. ನನ್ನನ್ನು ಎತ್ತಿ ಹಿಡಿದರೋ, ಎತ್ತಿ ಒಗೆದರೋ? ಬಾಣಂತಿತನದ ತುಂಬ ಅದೇ ಚಿಂತೆ.

ಮಗಳಿಗೆ ಐದಾರು ವರ್ಷವಾದಾಗ ನಾವು ನೆಹರು ನಗರದಲ್ಲಿದ್ದೆವು. ಬಾಜೂ ಮನೆಯ ಮರಾಠಿ ಮಕ್ಕಳ ಜೊತೆ ಆಡಿ ಬಂದವಳು ಒಣಹಾಕಿದ ಕೌದಿಗೆ ಕೈಮಾಡಿ, “ಇದು ತಾಂಬಡಾ,” ಎಂದಳು. “ದಾರ ಹೌದು,” ಎಂದೆ. “ದಾರ ಅಲ್ಲವ್ವಾ, ಅರಿವಿ! ತಾಂಬಡಾ ಅಂದ್ರ ಕೆಂಪ. ನಿನಗ ಅಷ್ಟೂ ಬರೂದಿಲ್ಲೇನ?”

ಮುಂದಿನ ರವಿವಾರವೇ ಖಾನಾಪುರದ ರೈಲು ಹತ್ತಿದೆ. ದೇಸೂರ ದಾಟುವಷ್ಟರಲ್ಲಿ ಪ್ರಶ್ನೆಯನ್ನು ನಾಲ್ಕು ಬಗೆಯಲ್ಲಿ ತಿದ್ದಿದ್ದೆ. ಅತ್ತೆಯ ಮುಂದೆ ಐದನೆಯದು ಬಂತು.

“ನಿನ್ನ ಮುಂದ ನಾ ಯಾಕ ಮರಾಠಿ ಮಾತಾಡ್ಲಿ? ಕೆಂಪ ಅಂದಿರತೇನಿ,” ಎಂದರು.

“ಹಂಗಾದ್ರ ತಪ್ಪ ದಾರ ತಂದಾಗ ಯಾಕ ಸುಮ್ನಿದ್ರಿ?”

“ಕಣ್ಣಿಗಿ ಕಾಣೂ ದಾರ ತಂದಿದ್ದಿ. ನನಗ ಹೊಲಿಯಾಕ ಸಲೀಸ ಆತು. ಆ ಡಬ್ಬ್ಯಾಗ ಒಂದ ಬಿಳೇ ಗುಂಡಿ ಐತಿ, ತೆಗದ ಕೊಡು.”

ಡಬ್ಬಿ ತೆರೆದರೆ ಗುಂಡಿಗಳ ನಡುವೆ ಅರ್ಧ ಬಳಸಿದ ಕೆಂಪು ದಾರದ ಉಂಡಿ.

“ಇದು ಯಾವಾಗಿಂದ್ರಿ?”

“ಯಾವಾಗಿಂದೋ. ಗುಂಡಿ ಸಿಕ್ತೇನ?”

ಸಿಕ್ಕಿತು. ಕೊಟ್ಟೆ. ಮತ್ತೆ ಕೇಳಲಿಲ್ಲ. ಅತ್ತೆ ಈಗಿಲ್ಲ. ಕೌದಿ ಇದೆ, ಆದರೆ ಸಾಕ್ಷಿಗೆ ಬರುವುದಿಲ್ಲ: ಒಗೆದು ಒಗೆದು ಸೀರೆಯ ಕೆಂಪು ಮಾಸಿ ತಾಮ್ರದ ಬಣ್ಣಕ್ಕೆ ಇಳಿದಿದೆ, ಹೊಲಿಗೆ ಅದರೊಳಗೆ ಮುಚ್ಚಿಹೋಗಿದೆ. ದಾರ ಮಾತ್ರ ಒಂದಿಷ್ಟೂ ಬಣ್ಣ ಬಿಟ್ಟಿಲ್ಲ. ಆ ಮಟ್ಟಿಗೆ ನನ್ನ ಆಯ್ಕೆ ಸರಿ. ಆ ಕೆಂಪು ಉಂಡಿ ಕೌದಿ ಹೊಲಿಯುವಾಗಲೂ ಡಬ್ಬಿಯಲ್ಲಿತ್ತೇ, ಇದ್ದರೆ ಅತ್ತೆ ಅದನ್ನು ಬಿಟ್ಟು ನನ್ನ ದಾರ ಹಿಡಿದದ್ದು ನನ್ನ ಮರ್ಯಾದೆ ಉಳಿಸಲೋ, ನನ್ನ ತಪ್ಪನ್ನು ಹೊಲಿಗೆ ಹೊಲಿಗೆಯಾಗಿ ತೋರಿಸಲೋ, ನನಗೆ ಗೊತ್ತಿಲ್ಲ.