ಮಾಳಿಗೆ ಹತ್ತಿದ ಸೈಕಲ್ಲು

“ಇದು ನಿನ್ನಿಂದ ಆಗೂ ಮಾತಲ್ಲ” ಎಂದು ಮೊದಲು ಅಂದವರು ನನ್ನ ಅಕ್ಕನ ಗಂಡ. ನಾನು ಹೊಲಿಗೆ ಮಷಿನ್ ತಂದಾಗ ಅಂದರು. ಶಾಲೆ ಕಾಣದ ನಾನು ಅಂಗಡಿಗಳ ಬೋರ್ಡು ನೋಡಿ ಅಕ್ಷರ ಕೂಡಿಸಿ ಓದು ಕಲಿಯುವಾಗ ಅಂದರು. ರಾಣೆಬೆನ್ನೂರಿನಲ್ಲಿ ಒಬ್ಬಳೇ ಖೋಲಿ ಹಿಡಿದು ಅಂಗಡಿ ಹಾಕಿದಾಗಲೂ ಅಂದರು. ಅಂದದ್ದೆಲ್ಲ ನನ್ನಿಂದ ಆಯಿತು. ಯಾರಾದರೂ “ಆಗಂಗಿಲ್ಲ” ಅನ್ನುವುದೇ ತಡ, ನನ್ನ ಬಾಳಿನಲ್ಲಿ ಒಂದು ನಗೆಪಾಟಲು ಶುರುವಾಗುತ್ತದೆ. ಈ ಸೈಕಲ್ಲಿನದೂ ಹಾಗೆಯೇ.

ತೊಂಬತ್ತರ ದಶಕ ಆಗಷ್ಟೇ ಹಿಡಿದಿತ್ತು. ಹೊಲಿದ ಜಂಪರು, ಲಂಗಗಳನ್ನು ಹಲಗೇರಿ, ಕುಪ್ಪೇಲೂರಿನ ಗಿರಾಕಿಗಳಿಗೆ ಮುಟ್ಟಿಸಲು ನನಗೊಂದು ಸೈಕಲ್ ಬೇಕಿತ್ತು. ಹಾವೇರಿಯಲ್ಲಿ ಬದಲಿಯಾಗಿ ಹೊರಟಿದ್ದ ಒಬ್ಬ ಸಾಹೇಬರು ಮಗನ ಸೈಕಲ್ ಮಾರಿದರು. ದಪ್ಪ ಟೈರು, ನೆಟ್ಟಗಿನ ಹ್ಯಾಂಡಲ್ಲು, ಗುಡ್ಡ ಹತ್ತುವಂಥದ್ದು. ತಂದು ಅಂಗಳದ ನಡುವೆ ನಿಲ್ಲಿಸಿದೆ. ಕೆಳಗಿನ ಮನೆಯಲ್ಲಿದ್ದ ಮಾಲಕಿ ಅವ್ವ ಹೊರಗೆ ಬಂದರು.

“ಅಂಗಳದಾಗ ಇದನ್ನ ನಿಲ್ಲಸೂ ಹಂಗಿಲ್ಲ. ಮ್ಯಾಲ ನಿನ್ನ ಖೋಲಿಗೆ ಒಯ್ಯಿ. ಒಂದು ದಿನ ಇಲ್ಲಿ ಕಂಡ್ರೂ ಖೋಲಿ ಬಿಡಬೇಕಾಕ್ಕೈತಿ.”

ಆ ಅಂಗಳದ ವಿಷಯದಲ್ಲಿ ಅವರು ಬಲು ಬಿಗಿ. ಹಾಲಿನವನು ಕೂಡ ನಡುವೆ ಕಾಲಿಡದೆ ಗೋಡೆ ಹಿಡಿದೇ ಬರಬೇಕು. ಯಾಕೆ ಎಂದು ನಾನು ಕೇಳಲಿಲ್ಲ. ಕೇಳುವ ಜಾಯಮಾನ ನನ್ನದಲ್ಲ. ಆದರೆ ಖೋಲಿ ಬಿಡುವಂತಿರಲಿಲ್ಲ. ಅದರ ಕಿಟಕಿ ಪೇಟೆಯ ರಸ್ತೆಗಿತ್ತು. ಆ ಕಿಟಕಿ ನೋಡಿಯೇ ಗಿರಾಕಿಗಳು ಮೇಲೆ ಬರುತ್ತಿದ್ದರು.

ಭಾವನವರು ಅಲ್ಲೇ ಚಹಾ ಕುಡಿಯುತ್ತಿದ್ದರು. “ಅಷ್ಟು ಭಾರದ್ದು ಹೊತ್ಕೊಂಡು ದಿನಾ ಪಾವಟಿಗಿ ಹತ್ತೂದು ಹೆಣ್ಮಕ್ಕಳಿಂದ ಆಗಂಗಿಲ್ಲ. ಮಾರಿಬಿಡು.”

“ಭಾರ ಇದ್ರ ಹಗುರ ಮಾಡ್ತೇನ್ರಿ” ಎಂದು ಹೆಗಲಿಗೇರಿಸಿ ಮೆಟ್ಟಿಲು ಹತ್ತಿದೆ. ನಡುನಡುವೆ ಗೋಡೆಗೊರಗಿ ಉಸಿರು ತೆಗೆದುಕೊಂಡದ್ದನ್ನು ನೋಡಿ ಅವರು ಚಹಾ ಹೀರುತ್ತ ನಕ್ಕರು. ಆ ನಗೆ ಸಾಕಾಯಿತು.

ಬೇಯದ ಬೇಳೆ

ಮೊದಲು ಗಂಟೆ ಕಿತ್ತೆ. ಅಷ್ಟೇ ಹಗುರ. ಗಂಟೆಯ ಬದಲು ಮಕ್ಕಳಾಟದ ಒಂದು ತಗಡಿನ ಸೀಟಿಯನ್ನು ಕೊರಳಿಗೆ ಕಟ್ಟಿಕೊಂಡೆ. ಓಣಿಯ ತಿರುವಿನಲ್ಲಿ ಎಮ್ಮೆ ಅಡ್ಡ ಬಂದರೆ ಉದ್ದಕ್ಕೆ ಊದುವುದು.

ಒಂದು ಮಧ್ಯಾಹ್ನ ತಿರುವಿನಲ್ಲಿ ಎಮ್ಮೆಗಳ ದೊಡ್ಡ ಹಿಂಡೇ ಇತ್ತು. ಊದಿದೆ, ಊದಿದೆ, ಮತ್ತೂ ಊದಿದೆ. ಮನೆಗೆ ಬಂದರೆ ಮಾಲಕಿ ಅವ್ವ ಸಟ್ಟುಗ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಮಗಳ ಕಡೆಯ ಬೀಗರು ಊಟಕ್ಕೆ ಬಂದಿದ್ದರಂತೆ. ಇವರು ಪಡಸಾಲೆಯಲ್ಲಿ ಅವರೊಡನೆ ಮಾತಾಡುತ್ತಲೇ ಕುಕ್ಕರಿನ ಸೀಟಿ ಎಣಿಸಿ, ಎದ್ದು ಹೋಗಿ ಸ್ಟೋ ಆರಿಸಿ, ಬಡಿಸಿದ್ದಾರೆ. ಬೀಗರ ಬಾಯಲ್ಲಿ ಬೇಳೆ ಕಟುಂ ಅಂದಿದೆ.

“ಯವ್ವಾ, ನಿನಗ ಕೈ ಮುಗೀತೇನಿ. ನನ್ನ ಬ್ಯಾಳಿ ಬೇಯೂತನಾ ನೀ ಊರೊಳಗ ಬರಬ್ಯಾಡ.”

ಎದ್ದು ಹೋದ ಸ್ಟ್ಯಾಂಡು

ಆಮೇಲೆ ಸ್ಟ್ಯಾಂಡು ತೆಗೆಸಿದೆ. ಸೈಕಲ್ ಮಿಸ್ತ್ರಿ ಚಾಚಾ ನಟ್ಟು ಬಿಚ್ಚುವ ಪಾನಾ ಕೈಯಲ್ಲಿ ಹಿಡಿದೇ ಕೇಳಿದರು: “ಬೇಟಿ, ಇದನ್ನ ನಿಲ್ಲಸೂದು ಹ್ಯಾಂಗ?”

“ಊರ ತುಂಬ ಗ್ವಾಡಿ ಅದಾವಲ್ರೀ ಚಾಚಾ.”

ಕುಪ್ಪೇಲೂರಿನಲ್ಲಿ ಒಂದು ಮನೆಯವರು ಗೋಡೆಗೆ ಆಗಷ್ಟೇ ಸುಣ್ಣ ಹಚ್ಚಿದ್ದರು. ಮಗ್ಗುಲಲ್ಲಿ ಒಂದು ಎಮ್ಮೆ ಅಲುಗಾಡದೆ ಮೆಲುಕು ಹಾಕುತ್ತ ನಿಂತಿತ್ತು. ಅದಕ್ಕೇ ಒರಗಿಸಿ ಒಳಗೆ ಹೋದೆ. ಜಂಪರು ತೊಡಿಸಿ ನೋಡುತ್ತಿದ್ದಾಗ ಹೊರಗೆ ಗದ್ದಲ. ಎಮ್ಮೆ ನೀರಡಿಸಿ ಕೆರೆಯ ದಾರಿ ಹಿಡಿದಿತ್ತು. ಹ್ಯಾಂಡಲ್ಲು ಅದರ ಕೊರಳ ಹಗ್ಗಕ್ಕೆ ಸಿಕ್ಕಿಕೊಂಡು ಸೈಕಲ್ಲೂ ಜೊತೆಗೆ ಹೊರಟಿತ್ತು, ಹಿಂದೆ ಕಟ್ಟಿದ್ದ ಆರು ಲಂಗಗಳ ಸಮೇತ. ನಾನು ಹೋಗಿ ಮುಟ್ಟುವಷ್ಟರಲ್ಲಿ ಮೂವರೂ ಕೆರೆಯಲ್ಲಿದ್ದರು.

ದಂಡೆಯ ಮೇಲೆ ಬಟ್ಟೆ ಒಗೆಯುತ್ತಿದ್ದ ಮುದುಕಿ ತಲೆ ಎತ್ತದೆ ಹೇಳಿದಳು: “ತಂಗಿ, ಲಂಗ ಹೆಂಗೂ ತೊಯ್ದಾವ. ಇಲ್ಲೇ ಕೊಡು, ಒಗದ ಬಿಡ್ತೇನಿ.”

ಮಡಗಾರ್ಡಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ತೆಗೆಸಿದ ವಾರದಲ್ಲೇ ಹಲಗೇರಿಯ ಎರೆಮಣ್ಣಿನ ದಾರಿಯಲ್ಲಿ ಮಳೆ ಹಿಡಿಯಿತು. ಮನೆಗೆ ಬಂದು ಬೆನ್ನಿನ ಕೆಸರು ಕೆರೆದು ತೆಗೆದಾಗ ಮಾಲಕಿ ಅವ್ವ ಅದನ್ನು ತುಳಸಿಕಟ್ಟೆಗೆ ಮೆತ್ತಲು ಒಯ್ದರು. ಕಟ್ಟೆಯ ಒಂದು ಮಗ್ಗುಲು ಪೂರಾ ಆಯಿತು.

ಬ್ಯಾಡಗಿಯ ಕಾಟಾ

ವಾಚನಾಲಯದ ಹಳೆಯ ಪತ್ರಿಕೆಯೊಂದರಲ್ಲಿ, ಹೊರದೇಶದವರು ಇಂಥ ಸೈಕಲ್ಲಿಗೆ ತೂತು ಕೊರೆದು ತೂಕ ಇಳಿಸುತ್ತಾರೆ ಎಂದು ಓದಿದೆ. ಚಾಚಾನ ಮುಂದೆ ಹೋಗಿ ಕೂತೆ. ಅವರು ಗೊಣಗುತ್ತಲೇ ಸೀಟಿನ ಕೊಳವೆಗೆ, ಹ್ಯಾಂಡಲ್ಲಿಗೆ, ಪೆಡಲಿಗೆ ತೂತು ಕೊರೆದರು. ಕೊನೆಗೆ ದೂರ ನಿಂತು ನೋಡಿ, “ಇನ್ನ ಇದರಾಗ ಹಿಟ್ಟು ಸಾಣಿಸಬಹುದು ನೋಡ ಬೇಟಿ” ಎಂದರು.

ಎಷ್ಟು ಇಳಿಯಿತೆಂದು ತಿಳಿಯಬೇಕಲ್ಲ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ತೂಕ ಮಾಡುವವನ ಹೆಂಡತಿ ನನ್ನ ಗಿರಾಕಿ. ತೂತು ಹಾಕಿಸುವ ಮೊದಲು ಒಮ್ಮೆ ಹೋದಾಗ ಅವನಿರಲಿಲ್ಲ, ಅಲ್ಲಿನ ತೂಕದ ಕಾಟಾದಲ್ಲಿ ಇನ್ನೊಬ್ಬ ತೂಗಿ ಕೊಟ್ಟಿದ್ದ. ಈಗ ಮತ್ತೆ ಬಸ್ಸಿನ ಟಾಪಿಗೆ ಹಾಕಿಸಿ ಒಯ್ದೆ. ಅಂದು ಪೇಟೆ ತುಂಬ ಮಾಲು. ಸರದಿ ಬರುವತನಕ ಹಮಾಲರು ಸೈಕಲ್ಲನ್ನು ಮೆಣಸಿನಕಾಯಿ ರಾಶಿಯ ಮೇಲೆ ಮಲಗಿಸಿದರು. ಆಮೇಲೆ ಎತ್ತಿ ಕಾಟಾಕ್ಕೆ ಹಾಕಿದರು. ಈ ಸಲ ಗಿರಾಕಿಯ ಗಂಡನೇ ಕೂಗಿ ಹೇಳಿದ ತೂಕ ಹಿಂದಿನದಕ್ಕಿಂತ ಒಂದು ಕಿಲೋ ಕಡಿಮೆ. ಹಿಗ್ಗಿ ಹೋದೆ. ಹಮಾಲರಿಗೆಲ್ಲ ಮಂಡಕ್ಕಿ, ಮಿರ್ಚಿ ಭಜಿ ಕೊಡಿಸಿದೆ.

ತೂಕದವನು ಮಿರ್ಚಿ ಕಡಿಯುತ್ತ ಹೇಳಿದ: “ಚೀಲದ ತೂಕ ಕಳದ ಹೇಳೇನ್ರಿ ಅಕ್ಕಾರ. ನಮ್ಮಲ್ಲಿ ಮೋಸ ಇಲ್ಲ.”

“ಯಾವ ಚೀಲ?”

ಅವನು ಸೈಕಲ್ ನೋಡಿದ, ನನ್ನನ್ನು ನೋಡಿದ. “ಹೌದಲ್ರೀ. ಕಾಟಾದ ಮ್ಯಾಲ ಏನ ಬರಲಿ, ಚೀಲದ ತೂಕ ಅಂತ ಒಂದು ಕಿಲೋ ಕಳದ ಕಳೀತೇನ್ರಿ. ರೂಢಿ ಆಗೇತಿ. ಮೊನ್ನೆ ಮನ್ಯಾಗ ಕೂಸನ್ನ ತೂಗಿದಾಗೂ ಕಳದೇನಿ. ಕೂಸು ಸೊರಗೇತಿ ಅಂತ ನನ್ನ ಹೆಂಡ್ತಿ ಎರಡು ದಿನ ಅತ್ತಳ್ರಿ.”

ಅಂಗಳದ ನಡುವೆ

ಸಂಜೆ ಮುಖ ಸಣ್ಣದು ಮಾಡಿಕೊಂಡು ಮನೆಗೆ ಬಂದರೆ ಭಾವನವರು ಹೊಸ ಬಿಳಿ ಅಂಗಿ ತೊಟ್ಟು ಅಂಗಳದ ಬದಿಗೆ ಕೂತಿದ್ದರು. ಬೇಕಂತಲೇ ಅವರ ಮುಂದೆ ಸೈಕಲ್ಲನ್ನು ಒಂದೇ ಕೈಯಲ್ಲಿ ಎತ್ತಿದೆ. ತೂತಿನಿಂದ ಸೈಕಲ್ಲಿನ ತೂಕ ಇಳಿದಿರಲಿಲ್ಲ ನಿಜ, ಆದರೆ ದಿನಾ ಹೊತ್ತು ಹೊತ್ತು ನನ್ನ ತೋಳು ಗಟ್ಟಿಯಾಗಿತ್ತು. ಭಾವನವರು ಎದ್ದು ಪಾವಟಿಗೆಯ ಕೆಳಗೆ ಬಂದು, ಬಾಯಿ ತೆರೆದು ಮೇಲೆ ನೋಡುತ್ತ ನಿಂತರು.

ಅರ್ಧ ಹತ್ತಿ ಸೈಕಲ್ಲನ್ನು ಹೊರಳಿಸಿದೆ. ಅಷ್ಟೂ ತೂತುಗಳಿಂದ ಬ್ಯಾಡಗಿ ಪೇಟೆಯ ಕೆಂಪು ಧೂಳು ಅವರ ಮೇಲೆ ಸುರಿಯಿತು. ಮೊದಲ ಸೀನಿಗೆ ಒಂದು ಹೆಜ್ಜೆ ಹಿಂದೆ ಹೋದರು, ಎರಡನೆಯದಕ್ಕೆ ಇನ್ನೊಂದು. ಹೀಗೆ ಸೀನುತ್ತ ಸೀನುತ್ತ ಆ ದಪ್ಪ ಮನುಷ್ಯ ಅಂಗಳದ ನಟ್ಟನಡುವೆ ಬಂದು ನಿಂತರು.

ಮಾಲಕಿ ಅವ್ವ ಒಳಗಿಂದ ಓಡಿ ಬಂದರು. “ಅಲ್ಲಿ ನಿಲ್ಲಬ್ಯಾಡ್ರಿ, ಹಗೇವು ಕುಸೀತೈತಿ.”

ಓಣಿಗೆಲ್ಲ ಕೇಳಿಸಿತು. ಅಂಗಳದ ಅಡಿಯಲ್ಲಿ ಅವರ ಮಾವನ ಕಾಲದ ಹಗೇವು, ಜೋಳ ತುಂಬಿಡುವ ನೆಲದೊಳಗಿನ ಕಣಜ. ಅದರ ಬಾಯಿಗೆ ಮುಚ್ಚಿದ ಚಪ್ಪಡಿ ಕಲ್ಲು ಸೀಳು ಬಿಟ್ಟಿತ್ತು. ಅದಕ್ಕೇ ಭಾರದ್ದೇನೂ ಅಲ್ಲಿ ಬರುವಂತಿರಲಿಲ್ಲ.

ನಾನು ಮೆಟ್ಟಿಲ ಮೇಲಿಂದಲೇ ಕೇಳಿದೆ: “ಅವ್ವಾರ, ಇದನ್ನ ಮೊದಲ ಹೇಳಬಾರದೇನ್ರಿ?”

“ಜ್ವಾಳ ಎಲ್ಲಿ ಇಟ್ಟೇವಿ ಅಂತ ಬಾಡಿಗಿದಾರರ ಮುಂದ ಯಾರರ ಹೇಳ್ತಾರೇನ?”

“ಹಂಗಾದ್ರ ಗ್ವಾಡಿ ಮಗ್ಗಲಕ ಸೈಕಲ್ ಇಡಬಹುದಿತ್ತು?”

“ಇಡಬಹುದಿತ್ತು. ನೀ ಕೇಳಿದೇನ? ಅಂದ ಕೂಡ್ಲೆ ಹೆಗಲಿಗೆ ಹಾಕ್ಕೊಂಡು ನಡದಿ. ಪಾಪ, ಹುಡುಗಿಗೆ ಹೊರೂ ಹೌಸ ಇರಬೇಕು ಅನ್ಕೊಂಡೆ.”

ಭಾವನವರಿಗೆ ಏನೋ ಹೇಳಬೇಕಿತ್ತು. ಬಾಯಿ ತೆರೆದಾಗಲೆಲ್ಲ ಸೀನು ಬಂತು.

ಈಗ ಆ ಮನೆ ನನ್ನದು. ಮಾಲಕಿ ಅವ್ವ ಮಗಳ ಊರಿಗೆ ಹೋಗುವಾಗ ಹಗೇವಿನ ಸಮೇತ ನನಗೇ ಮಾರಿ ಹೋದರು. ಅದಕ್ಕೆ ನನ್ನ ಅರ್ಧ ಆಯುಷ್ಯದ ಹೊಲಿಗೆ ಹೋಯಿತು. ಸೈಕಲ್ಲೂ ನನ್ನದೇ, ಗೋಡೆಯ ಮಗ್ಗುಲಿಗೆ ನಿಂತಿದೆ. ಅದಕ್ಕೆ ಹೋದದ್ದು ಒಂದು ಗಂಟೆ, ಒಂದು ಸ್ಟ್ಯಾಂಡು, ಎರಡು ಮಡಗಾರ್ಡು, ಭಾವನವರ ಒಂದು ಬಿಳಿ ಅಂಗಿ. ಅಂಗಿಯನ್ನು ನಾನೇ ಹೊಸದಾಗಿ ಹೊಲಿದು ಕೊಟ್ಟೆ. ಗಂಡಸರ ಅಂಗಿ ನಿನ್ನಿಂದ ಆಗಂಗಿಲ್ಲ ಅಂದಿದ್ದರು.